ಒಂದು ಬೋಲ್ಟಿನಲ್ಲಿ ಒಂಬತ್ತು ಗ್ರಾಂ

ಪೋರ್ಷೆ ರೇಸ್ ಕಾರುಗಳ ಇತಿಹಾಸ ಬಲ್ಲವರು ತಪ್ಪದೆ ಹೇಳುವ ಕಥೆಯೊಂದಿದೆ. 1960ರ ದಶಕದ ಕೊನೆಯ ವರ್ಷಗಳು. ರೇಸಿಂಗ್ ಕಾರುಗಳ ಹೊಣೆ ಹೊತ್ತಿದ್ದ ತರುಣ ಎಂಜಿನಿಯರ್ ಫರ್ಡಿನಾಂಡ್ ಪಿಯೆಕ್ ಕೈಯಲ್ಲೊಂದು ಅಯಸ್ಕಾಂತ ಹಿಡಿದು, ತಯಾರಾಗುತ್ತಿದ್ದ ಕಾರಿನ ಸುತ್ತ ಬರುತ್ತಿದ್ದರಂತೆ. ಅಯಸ್ಕಾಂತ ಅಂಟಿಕೊಂಡಲ್ಲೆಲ್ಲ ಉಕ್ಕು ಇದೆ ಎಂದರ್ಥ. ಉಕ್ಕು ಎಂದರೆ ಭಾರ. ಅದನ್ನು ತೆಗೆದು ಹಗುರವಾದ ಬೇರೆ ಲೋಹ ಹಾಕಿ ಎಂದು ಅಪ್ಪಣೆಯಾಗುತ್ತಿತ್ತು. ಹಾಗೆ ಹುಟ್ಟಿದ್ದು 1968ರ 909 ಬರ್ಗ್‌ಸ್ಪೈಡರ್ ಎಂಬ, ಗುಡ್ಡದ ರಸ್ತೆಯಲ್ಲಿ ಮೇಲಕ್ಕೆ ಓಡುವ ಸ್ಪರ್ಧೆಗಾಗಿಯೇ ಮಾಡಿದ ಕಾರು. ಅದರ ಸಸ್ಪೆನ್ಷನ್ ಸ್ಪ್ರಿಂಗುಗಳು ಟೈಟಾನಿಯಂನವು, ಬ್ರೇಕ್ ಡಿಸ್ಕುಗಳು ಬೆರಿಲಿಯಂನವು. ಇಡೀ ಕಾರಿನ ತೂಕ 384 ಕಿಲೋ. ನಮ್ಮ ರಸ್ತೆಗಳಲ್ಲಿ ಓಡಿದ ಪುಟ್ಟ ಮಾರುತಿ 800 ಕೂಡ 650 ಕಿಲೋ ಆಸುಪಾಸು ಇತ್ತು ಎಂಬುದನ್ನು ನೆನೆದರೆ ಈ ಅಂಕಿಯ ಬೆಲೆ ತಿಳಿಯುತ್ತದೆ.

ಪೋರ್ಷೆಯವರಿಗಿಂತ ಒಂದು ವರ್ಷ ಮೊದಲೇ ಅಮೆರಿಕದ ಚಾಲಕ ಡ್ಯಾನ್ ಗರ್ನಿ ಇದೇ ದಾರಿ ಹಿಡಿದಿದ್ದರು. 1967ರ ಜೂನ್ 18ರಂದು ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಅವರು ಗೆದ್ದದ್ದು ತಮ್ಮದೇ ತಂಡ ಕಟ್ಟಿದ ಈಗಲ್ ಕಾರಿನಲ್ಲಿ. ಮ್ಯಾಗ್ನೀಸಿಯಂ ಮತ್ತು ಟೈಟಾನಿಯಂ ಧಾರಾಳವಾಗಿ ಬಳಸಿ ಭಾರ ಇಳಿಸಿದ್ದ ಕಾರು ಅದು. 1969ರಲ್ಲಿ ಬಂದ ಪೋರ್ಷೆ 917 ಕಾರಿನ ಎಂಜಿನ್ನಿನ ಕನೆಕ್ಟಿಂಗ್ ರಾಡುಗಳು ಟೈಟಾನಿಯಂನವು, ಗೇರ್ ಲಿವರಿನ ಗುಂಡು ಬಾಲ್ಸಾ ಮರದ್ದು. ಗೇರ್ ಗುಂಡಿನಲ್ಲೂ ಗ್ರಾಂ ಹುಡುಕುವವರು ಬೋಲ್ಟು, ನಟ್ಟುಗಳನ್ನು ಬಿಡುವುದುಂಟೇ? ವಿಮಾನದಲ್ಲಿ ಬಳಕೆಯಾಗುತ್ತಿದ್ದ ಟೈಟಾನಿಯಂ ಬೋಲ್ಟುಗಳು ರೇಸ್ ಕಾರಿಗೂ ಬಂದವು. ಇಂದು ಫಾರ್ಮುಲಾ ಒನ್‌ನಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಕಟ್ಟುವ ಕಾರಿನವರೆಗೆ ಟೈಟಾನಿಯಂ ಬೋಲ್ಟಿನ ಮಾತು ಬಾರದ ಕಾರ್ಯಾಗಾರವೇ ಇಲ್ಲ.

ಒಂದು ಬೋಲ್ಟಿನಿಂದ ಎಷ್ಟು ತಾನೇ ಉಳಿದೀತು? ಎಂ8 ಬೋಲ್ಟನ್ನೇ ತೆಗೆದುಕೊಳ್ಳಿ. ಎಂಟು ಮಿಲಿಮೀಟರ್ ದಪ್ಪ, ನಲವತ್ತು ಮಿಲಿಮೀಟರ್ ಉದ್ದ. ಉಕ್ಕಿನದಾದರೆ ಸುಮಾರು 20 ಗ್ರಾಂ. ಅದೇ ಅಳತೆಯ ಟೈಟಾನಿಯಂ ಬೋಲ್ಟು ಸುಮಾರು 11 ಗ್ರಾಂ. ಉಳಿದದ್ದು ಒಂಬತ್ತು ಗ್ರಾಂ. ಅಂಥ 500 ಬೋಲ್ಟುಗಳನ್ನು ಬದಲಿಸಿದರೆ ನಾಲ್ಕೂವರೆ ಕಿಲೋ. ಫಾರ್ಮುಲಾ ಒನ್ ಎಂಜಿನಿಯರುಗಳ ಅಂದಾಜಿನಂತೆ ಹತ್ತು ಕಿಲೋ ಭಾರ ಇಳಿದರೆ ಒಂದು ಸುತ್ತಿನಲ್ಲಿ ಸುಮಾರು 0.3 ಸೆಕೆಂಡು ಉಳಿಯುತ್ತದೆ. ಹಾಗಾದರೆ ನಾಲ್ಕೂವರೆ ಕಿಲೋಗೆ ಸುಮಾರು 0.135 ಸೆಕೆಂಡು. ಇದು ಅಲ್ಪವೇ? 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಅರ್ಹತಾ ಸುತ್ತು ನಡೆದಾಗ ವಿಲ್‌ನವ್, ಶುಮಾಕರ್, ಫ್ರೆಂಟ್ಸೆನ್ ಮೂವರು ಚಾಲಕರೂ ದಾಖಲಿಸಿದ ಸಮಯ ಒಂದೇ: 1 ನಿಮಿಷ 21.072 ಸೆಕೆಂಡು. ಸಾವಿರದ ಒಂದು ಭಾಗದಷ್ಟೂ ವ್ಯತ್ಯಾಸವಿರಲಿಲ್ಲ. ಅಂಥ ಕ್ರೀಡೆಯಲ್ಲಿ ಹನಿಹನಿ ಕೂಡಿ ಹಳ್ಳವಾಗುವುದನ್ನು ಯಾರೂ ಹಗುರವಾಗಿ ಕಾಣುವುದಿಲ್ಲ.

ಕಾರು ಇಂತಿಷ್ಟಕ್ಕಿಂತ ಹಗುರವಿರಕೂಡದು ಎಂಬ ನಿಯಮವಿದೆಯಲ್ಲ, ಮತ್ತೇಕೆ ಈ ಒದ್ದಾಟ ಎಂದು ಕೇಳಬಹುದು. ಫಾರ್ಮುಲಾ ಒನ್‌ನಲ್ಲಿ 2022ರಲ್ಲಿ ಕನಿಷ್ಠ ತೂಕ 798 ಕಿಲೋ ಇತ್ತು, 2026ಕ್ಕೆ ಅದನ್ನು 768ಕ್ಕೆ ಇಳಿಸಲಾಗಿದೆ. ಕಾರು ಅದಕ್ಕಿಂತ ಹಗುರವಾದರೆ ಕೊರತೆಯನ್ನು ಟಂಗ್‌ಸ್ಟನ್ ತುಂಡುಗಳಿಂದ ತುಂಬುತ್ತಾರೆ. ಆದರೆ ಆ ತುಂಡುಗಳನ್ನು ಎಲ್ಲಿ ಇಡಬೇಕೆಂಬುದು ತಂಡದ ಕೈಯಲ್ಲಿದೆ. ಎಂಜಿನ್ನಿನ ಮೇಲ್ಭಾಗದಲ್ಲಿದ್ದ ಭಾರವನ್ನು ತೆಗೆದು ಕಾರಿನ ತಳಕ್ಕೆ ಇಳಿಸಿದರೆ ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಗುತ್ತದೆ. ಚಕ್ರದ ಜತೆ ಮೇಲೆ ಕೆಳಗೆ ಕುಣಿಯುವ ಭಾಗಗಳಲ್ಲಿ ಭಾರ ಇಳಿದರೆ ಟೈರು ನೆಲವನ್ನು ಬಿಡದೆ ಹಿಡಿಯುತ್ತದೆ. ಗರಗರ ತಿರುಗುವ ಭಾಗಗಳಲ್ಲಿ ಇಳಿದರೆ ವೇಗ ಬೇಗ ಏರುತ್ತದೆ. ಆದ್ದರಿಂದ ಎಷ್ಟು ಗ್ರಾಂ ಉಳಿಯಿತು ಎನ್ನುವುದರ ಜತೆಗೆ ಎಲ್ಲಿ ಉಳಿಯಿತು ಎನ್ನುವುದನ್ನೂ ನೋಡಬೇಕು.

ಇಲ್ಲಿಯವರೆಗಿನ ಲೆಕ್ಕ ಓದಿದವರಿಗೆ ಇಷ್ಟೇ ತಾನೆ, ಉಕ್ಕಿನದನ್ನು ಬಿಚ್ಚಿ ಟೈಟಾನಿಯಂನದನ್ನು ಹಾಕಿದರಾಯಿತು ಎನ್ನಿಸುತ್ತದೆ. ಅಪಾಯ ಶುರುವಾಗುವುದೇ ಅಲ್ಲಿಂದ. ಟೈಟಾನಿಯಂ ಬೋಲ್ಟನ್ನು ತೂಕ ಕಡಿಮೆಯಿರುವ ಉಕ್ಕಿನ ಬೋಲ್ಟು ಎಂದು ತಿಳಿದವರು ಕಾರು ಕಟ್ಟಬಾರದು. ಅದು ಹಿಗ್ಗುವ ರೀತಿ ಬೇರೆ, ಬಿಸಿಗೆ ವರ್ತಿಸುವ ರೀತಿ ಬೇರೆ, ಸ್ಪ್ಯಾನರಿಗೆ ಉತ್ತರ ಕೊಡುವ ರೀತಿಯೂ ಬೇರೆ. ಅದರ ಸ್ವಭಾವ ತಿಳಿದು ಬಳಸಿದರೆ ತೂಕ ಉಳಿಯುವುದಷ್ಟೇ ಅಲ್ಲ, ಕೆಲವು ಕಡೆ ಉಕ್ಕಿಗಿಂತ ಗಟ್ಟಿಯಾಗಿ ಬಾಳುತ್ತದೆ. ತಿಳಿಯದೆ ಬಳಸಿದರೆ ಓಡುವ ಕಾರಿನಲ್ಲಿ ಚಕ್ರ ಕಳಚುತ್ತದೆ.

ಮೊದಲಿಗೆ ಬೋಲ್ಟು ಮಾಡುವ ಕೆಲಸವೇನು ಎಂಬುದು ಸ್ಪಷ್ಟವಾಗಬೇಕು. ಎರಡು ತಟ್ಟೆಗಳ ತೂತಿಗೆ ತೂರಿಸಿ ಅವು ಜಾರದಂತೆ ತಡೆಯುವ ಗೂಟ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಬಿಗಿಯಾದ ಸ್ಪ್ರಿಂಗು. ನಟ್ಟನ್ನು ತಿರುಗಿಸಿದಾಗ ಬೋಲ್ಟಿನ ದೇಹ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಈ ಒತ್ತು ಸಾಕಷ್ಟಿದ್ದರೆ ತಟ್ಟೆಗಳ ನಡುವಿನ ಘರ್ಷಣೆಯೇ ಜಾರುವುದನ್ನು ತಡೆಯುತ್ತದೆ, ಬೋಲ್ಟಿನ ಮೇಲೆ ಪಕ್ಕದ ಹೊಡೆತ ಬೀಳುವುದೇ ಇಲ್ಲ. ಎಂಜಿನಿಯರುಗಳು ಇದಕ್ಕೆ ಪ್ರಿಲೋಡ್ ಎನ್ನುತ್ತಾರೆ. ಬೋಲ್ಟು ಮುರಿದ ಬಹುಪಾಲು ಪ್ರಕರಣಗಳ ಹಿಂದೆ ಇರುವುದು ಈ ಪ್ರಿಲೋಡ್ ಕಡಿಮೆಯಾದ ಕಥೆ. ಬಿಗಿತ ಸಡಿಲವಾಗುತ್ತದೆ, ಭಾಗಗಳು ಅಲುಗಾಡುತ್ತವೆ, ಬೋಲ್ಟು ಪ್ರತಿ ಸುತ್ತಿಗೆ ಸಾವಿರಾರು ಬಾರಿ ಬಾಗಿ ದಣಿಯುತ್ತದೆ, ಕೊನೆಗೆ ತುಂಡಾಗುತ್ತದೆ.

ಈಗ ಎರಡು ಲೋಹಗಳನ್ನು ಹೋಲಿಸೋಣ. ಬೋಲ್ಟಿಗೆ ಬಳಸುವ ಟೈಟಾನಿಯಂ ಶುದ್ಧ ಲೋಹವಲ್ಲ. ಶೇ 6ರಷ್ಟು ಅಲ್ಯುಮಿನಿಯಂ, ಶೇ 4ರಷ್ಟು ವೆನೇಡಿಯಂ ಸೇರಿದ, ಮಾರುಕಟ್ಟೆಯಲ್ಲಿ ಗ್ರೇಡ್ 5 ಎಂದು ಕರೆಯುವ ಮಿಶ್ರಲೋಹ. 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಇದು ಇಂದಿಗೂ ವಿಮಾನ ಜಗತ್ತಿನ ನೆಚ್ಚಿನ ಟೈಟಾನಿಯಂ. ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ ತೂಗಿದರೆ ಇದು 4.43 ಗ್ರಾಂ. ಎಳೆದಾಗ ಹಿಗ್ಗುವ ಗುಣದಲ್ಲಿ ಮಾತ್ರ ಬಹಳ ಅಂತರವಿದೆ. ಹಿಗ್ಗದಂತೆ ಉಕ್ಕು ತಡೆಯುವ ಗುಣದ ಅಳತೆ 205 ಗಿಗಾಪ್ಯಾಸ್ಕಲ್, ಟೈಟಾನಿಯಂನದು 114. ಅಂದರೆ ಅಷ್ಟೇ ಬಲಕ್ಕೆ ಟೈಟಾನಿಯಂ ಬೋಲ್ಟು ಉಕ್ಕಿಗಿಂತ ಸುಮಾರು 1.8 ಪಟ್ಟು ಹೆಚ್ಚು ಹಿಗ್ಗುತ್ತದೆ.

ಈ ಮೃದುತ್ವ ದೋಷವಾಗಿ ಕಾಣಬಹುದು. ಲೆಕ್ಕ ಹಾಕಿದರೆ ಅದೇ ದೊಡ್ಡ ಗುಣ. ಐವತ್ತು ಮಿಲಿಮೀಟರ್ ದಪ್ಪದ ಭಾಗವನ್ನು ಎಂ8 ಬೋಲ್ಟಿನಿಂದ ಸುಮಾರು ಒಂದೂವರೆ ಟನ್ ಬಲದಲ್ಲಿ ಬಿಗಿದಿದ್ದೇವೆ ಎನ್ನಿ. ಉಕ್ಕಿನ ಬೋಲ್ಟು 0.1 ಮಿಲಿಮೀಟರಿನಷ್ಟು ಹಿಗ್ಗಿರುತ್ತದೆ, ಟೈಟಾನಿಯಂ ಬೋಲ್ಟು 0.175 ಮಿಲಿಮೀಟರ್. ಕಾರು ಓಡಿದ ಮೇಲೆ ಬಣ್ಣದ ಪದರ, ಒರಟು ಮೇಲ್ಮೈ, ವಾಷರು ಎಲ್ಲ ಒತ್ತಿಕೊಂಡು 0.02 ಮಿಲಿಮೀಟರ್ ತಗ್ಗಿತು. ಉಕ್ಕಿನ ಬೋಲ್ಟು ತನ್ನ ಬಿಗಿತದ ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಟೈಟಾನಿಯಂ ಕಳೆದುಕೊಂಡದ್ದು ಒಂಬತ್ತನೆಯ ಒಂದು ಭಾಗ ಮಾತ್ರ. ಜತೆಗೆ ಮೆದುವಾದ ಬೋಲ್ಟು ಹೊರಗಿನಿಂದ ಬರುವ ಏರಿಳಿತದ ಹೊಡೆತದಲ್ಲಿ ತನ್ನ ಪಾಲಿಗೆ ಕಡಿಮೆ ತೆಗೆದುಕೊಂಡು, ಹೆಚ್ಚಿನದನ್ನು ಒತ್ತಿ ಹಿಡಿದ ಭಾಗಗಳಿಗೇ ಬಿಡುತ್ತದೆ. ಬೋಲ್ಟಿನ ಆಯಸ್ಸು ಬೆಳೆಯುವುದು ಹೀಗೆ.

ಬಿಸಿಯ ವಿಷಯದಲ್ಲೂ ಇಂಥದೇ ಸೂಕ್ಷ್ಮವಿದೆ. ಅಲ್ಯುಮಿನಿಯಂ ಗೇರ್‌ಬಾಕ್ಸ್ 100 ಡಿಗ್ರಿ ಕಾದರೆ ಅದರ ಐವತ್ತು ಮಿಲಿಮೀಟರ್ ದಪ್ಪ 0.115 ಮಿಲಿಮೀಟರ್ ಬೆಳೆಯುತ್ತದೆ. ಉಕ್ಕಿನ ಬೋಲ್ಟು ತಾನೂ 0.06 ಬೆಳೆದು ಸ್ವಲ್ಪ ಜತೆಗೂಡುತ್ತದೆ. ಟೈಟಾನಿಯಂ ಬೆಳೆಯುವುದು 0.043 ಮಾತ್ರ. ಆದ್ದರಿಂದ ಟೈಟಾನಿಯಂ ಹೆಚ್ಚು ಎಳೆತಕ್ಕೆ ಸಿಕ್ಕಿ ಮುರಿದೀತು ಎಂಬ ಭಯ ಹಲವರಿಗಿದೆ. ಮೃದುತ್ವವನ್ನೂ ಲೆಕ್ಕಕ್ಕೆ ತಂದರೆ ಚಿತ್ರ ತಿರುಗುತ್ತದೆ. ಉಕ್ಕಿನಲ್ಲಿ ಹೆಚ್ಚುವ ಒತ್ತಡ ಗರಿಷ್ಠ 225 ಮೆಗಾಪ್ಯಾಸ್ಕಲ್, ಟೈಟಾನಿಯಂನಲ್ಲಿ ಸುಮಾರು 165. ಅಲ್ಯುಮಿನಿಯಂ ತಾನೂ ಕೊಂಚ ಒತ್ತಿಕೊಳ್ಳುವುದರಿಂದ ವಾಸ್ತವದಲ್ಲಿ ಎರಡೂ ಇದಕ್ಕಿಂತ ಕಡಿಮೆ. ಬಿಸಿ ತಣ್ಣಗಾಗುವ ಆಟ ದಿನವಿಡೀ ನಡೆಯುವ ಕಾರಿನಲ್ಲಿ ಇದು ಸಣ್ಣ ಲಾಭವಲ್ಲ.

ಹಾಗೆಂದು ಶಕ್ತಿಯ ಮಿತಿ ಮರೆಯುವಂತಿಲ್ಲ. ಗ್ರೇಡ್ 5 ಟೈಟಾನಿಯಂ ಮರಳಿ ತನ್ನ ಅಳತೆಗೆ ಬಾರದಂತೆ ಹಿಗ್ಗಿಹೋಗುವುದು ಸುಮಾರು 830 ಮೆಗಾಪ್ಯಾಸ್ಕಲ್‌ನಲ್ಲಿ; ಎಂದರೆ ಒಂದು ಚದರ ಮಿಲಿಮೀಟರಿಗೆ 85 ಕಿಲೋ ಭಾರ ಹೇರಿದಾಗ. ಶಾಖಸಂಸ್ಕಾರ ಮಾಡಿದ ವಿಮಾನ ದರ್ಜೆಯ ಬೋಲ್ಟು ಇದಕ್ಕಿಂತ ಮೇಲೆ ಹೋಗುತ್ತದೆ. ಉಕ್ಕಿನ ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದರ ಮಿತಿ 640, 10.9 ಎಂದಿದ್ದರೆ 900ರ ಮೇಲೆ, 12.9 ಎಂದಿದ್ದರೆ ಸುಮಾರು 1100. ಹಾಗಾಗಿ 8.8 ಇದ್ದ ಕಡೆ ಒಳ್ಳೆಯ ಟೈಟಾನಿಯಂ ಬೋಲ್ಟು ಶಕ್ತಿಯಲ್ಲಿ ಮೇಲು. 10.9 ಇದ್ದ ಕಡೆ ವಿಮಾನ ದರ್ಜೆಯದಾದರೆ ಸರಿಸಮ. 12.9 ಇದ್ದ ಕಡೆ ಅದೇ ಅಳತೆಯ ಟೈಟಾನಿಯಂ ಹಾಕುವುದು ಶಕ್ತಿಯನ್ನು ಕಳೆದುಕೊಂಡಂತೆ. ಅಲ್ಲಿ ದಪ್ಪ ಹೆಚ್ಚಿಸಬೇಕು, ಇಲ್ಲವೇ ಉಕ್ಕನ್ನೇ ಉಳಿಸಿಕೊಳ್ಳಬೇಕು. ಅಡ್ಡಡ್ಡ ಕತ್ತರಿಸುವ ಬಲ ಬೀಳುವ ಜಾಗದಲ್ಲಂತೂ ಈ ಎಚ್ಚರ ಇಮ್ಮಡಿ ಬೇಕು.

ಇನ್ನು ಬಿಗಿಯುವ ಕೆಲಸ. ಟೈಟಾನಿಯಂನ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆಯಿದೆ. ಲೋಹ ತುಕ್ಕು ಹಿಡಿಯದಂತೆ ಕಾಯುವುದೇ ಆ ಪೊರೆ. ಥ್ರೆಡ್ಡಿಗೆ ಥ್ರೆಡ್ಡು ಉಜ್ಜುವಾಗ ಪೊರೆ ಹರಿದರೆ ಒಳಗಿನ ಲೋಹ ಎದುರಿನ ಲೋಹಕ್ಕೆ ಕಚ್ಚಿಕೊಂಡು ಬೆಸೆದುಹೋಗುತ್ತದೆ. ಇದಕ್ಕೆ ಗಾಲಿಂಗ್ ಎನ್ನುತ್ತಾರೆ. ಒಮ್ಮೆ ಕಚ್ಚಿದರೆ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಬಲ ಹಾಕಿದರೆ ತಲೆ ಕಿತ್ತು ಕೈಗೆ ಬರುತ್ತದೆ, ದೇಹ ದುಬಾರಿ ಗೇರ್‌ಬಾಕ್ಸಿನೊಳಗೆ ಉಳಿಯುತ್ತದೆ.

ಅನುಭವಿ ಮೆಕ್ಯಾನಿಕ್ ಒಬ್ಬರು ಟೈಟಾನಿಯಂ ಬೋಲ್ಟು ಕೂರಿಸುವುದನ್ನು ಹತ್ತಿರ ನಿಂತು ನೋಡಬೇಕು. ಮೊದಲು ತೂತಿನ ಥ್ರೆಡ್ಡನ್ನು ಬ್ರಷ್ ಹಾಕಿ ಉಜ್ಜಿ, ಗಾಳಿ ಹೊಡೆದು ಚೊಕ್ಕಟ ಮಾಡುತ್ತಾರೆ. ಬೋಲ್ಟನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಥ್ರೆಡ್ಡಿನ ಬುಡದಲ್ಲಿ ಗೀರು ಇದೆಯೇ ಎಂದು ಪರೀಕ್ಷಿಸುತ್ತಾರೆ. ಮಾಲಿಬ್ಡಿನಂ ಬೆರೆತ ಕಪ್ಪು ಪೇಸ್ಟನ್ನು ಥ್ರೆಡ್ಡಿಗೂ ತಲೆಯ ಕೆಳಗಿನ ಅಂಚಿಗೂ ತೆಳ್ಳಗೆ ಹಚ್ಚುತ್ತಾರೆ. ಆಮೇಲೆ ಬರಿಗೈಯಿಂದಲೇ ತಿರುಗಿಸುತ್ತಾರೆ. ಬೆರಳಿಗೆ ಒಂದಿಷ್ಟು ತಡೆ ಸಿಕ್ಕರೂ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ಬಿಚ್ಚಿ, ಮತ್ತೆ ಒರೆಸುತ್ತಾರೆ. ತಲೆ ತಟ್ಟೆಗೆ ತಾಗಿದ ಮೇಲಷ್ಟೇ ಟಾರ್ಕ್ ರೆಂಚ್ ಕೈಗೆ ಬರುತ್ತದೆ. ಅದೂ ಒಂದೇ ಎಳೆತಕ್ಕಲ್ಲ, ಎರಡು ಮೂರು ಹಂತಗಳಲ್ಲಿ, ನಿಧಾನವಾಗಿ. ಗರ್ರೆನ್ನುವ ಏರ್ ಗನ್ನು ಟೈಟಾನಿಯಂ ಬೋಲ್ಟಿನ ಹತ್ತಿರ ಸುಳಿಯುವುದೇ ಇಲ್ಲ. ಕೊನೆಗೆ ತಲೆಯಿಂದ ತಟ್ಟೆಯವರೆಗೆ ಬಣ್ಣದ ಒಂದು ಗೆರೆ. ಬೋಲ್ಟು ಒಂದಿಷ್ಟು ಸಡಿಲಿದರೂ ಆ ಗೆರೆ ಮುರಿದು ತೋರಿಸಿಕೊಡುತ್ತದೆ.

ಪೇಸ್ಟು ಹಚ್ಚಿದಾಗ ಇನ್ನೊಂದು ಲೆಕ್ಕ ಬದಲಾಗುತ್ತದೆ. ನಾವು ಸ್ಪ್ಯಾನರಿಗೆ ಹಾಕುವ ಶ್ರಮದಲ್ಲಿ ಹತ್ತಿರ ಹತ್ತಿರ ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ ಹೋಗುತ್ತದೆ, ಶೇ 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತನೆಯ ಒಂದು ಭಾಗ. ಜಾರುವ ಪೇಸ್ಟು ಹಚ್ಚಿದರೆ ಘರ್ಷಣೆ ಇಳಿದು ಈ ಪಾಲು ಏರುತ್ತದೆ. ಒಣ ಉಕ್ಕಿನ ಎಂ8 ಬೋಲ್ಟಿಗೆ 23 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟಾಗ ಸುಮಾರು ಒಂದೂವರೆ ಟನ್ ಬಿಗಿತ ಬಂದರೆ, ಪೇಸ್ಟು ಹಚ್ಚಿದ ಬೋಲ್ಟಿಗೆ ಅದೇ 23 ಕೊಟ್ಟರೆ ಬಿಗಿತ ಸುಮಾರು ಎರಡೂವರೆ ಟನ್‌ಗೆ ಏರಬಹುದು. ಉಕ್ಕಿನ ಬೋಲ್ಟಿಗೆಂದು ಕೈಪಿಡಿಯಲ್ಲಿ ಬರೆದ ಟಾರ್ಕನ್ನು ಕಣ್ಣುಮುಚ್ಚಿ ಟೈಟಾನಿಯಂಗೆ ಕೊಡುವುದು ಇದೇ ಕಾರಣಕ್ಕೆ ತಪ್ಪು. ಬೋಲ್ಟು ತಯಾರಕರು ಯಾವ ಪೇಸ್ಟಿಗೆ ಎಷ್ಟು ಟಾರ್ಕ್ ಎಂದು ಹೇಳಿದ್ದಾರೋ ಅಷ್ಟೇ ಕೊಡಬೇಕು. ಸಾಧ್ಯವಿರುವಲ್ಲಿ ಬಿಗಿಯುವ ಮೊದಲು ಮತ್ತು ಆಮೇಲೆ ಬೋಲ್ಟಿನ ಉದ್ದವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಎಷ್ಟು ಹಿಗ್ಗಿದೆ ಎಂದು ನೋಡುವುದು ಇನ್ನೂ ಖಚಿತ.

ಟೈಟಾನಿಯಂ ಜತೆ ಯಾವ ನಟ್ಟು, ಯಾವ ವಾಷರು ಎಂಬುದೂ ಮುಖ್ಯ. ಇದನ್ನು ಜಗತ್ತು ಕಲಿತದ್ದು ವಿಮಾನ ಕಾರ್ಖಾನೆಯಲ್ಲಿ. 1960ರ ದಶಕದಲ್ಲಿ ಲಾಕ್‌ಹೀಡ್ ಕಂಪನಿ ಎ-12 ಮತ್ತು ಎಸ್‌ಆರ್-71 ಬೇಹುಗಾರಿಕೆ ವಿಮಾನಗಳನ್ನು ಬಹುಪಾಲು ಟೈಟಾನಿಯಂನಲ್ಲೇ ಕಟ್ಟಿತು. ಬಿಸಿಯ ಪರೀಕ್ಷೆ ಮುಗಿದಾಗ ಕೆಲವು ಬೋಲ್ಟುಗಳ ತಲೆಗಳು ತಾವಾಗಿ ಉದುರುತ್ತಿದ್ದವು. ಹುಡುಕುತ್ತಾ ಹೋದಾಗ ಸಿಕ್ಕಿಬಿದ್ದದ್ದು ಕೆಲಸಗಾರರ ಸ್ಪ್ಯಾನರುಗಳು. ತುಕ್ಕು ಹಿಡಿಯದಿರಲೆಂದು ಅವುಗಳಿಗೆ ಕ್ಯಾಡ್ಮಿಯಂ ಲೇಪನವಿತ್ತು. ಸ್ಪ್ಯಾನರಿನಿಂದ ಬೋಲ್ಟಿನ ತಲೆಗೆ ಅಂಟಿದ ಕಾಣದಷ್ಟು ಕ್ಯಾಡ್ಮಿಯಂ, 300 ಡಿಗ್ರಿ ಮೀರಿದ ಬಿಸಿಯಲ್ಲಿ ಟೈಟಾನಿಯಂಗೆ ಇಳಿದು ಅದನ್ನು ಗಾಜಿನಂತೆ ಪೆಡಸು ಮಾಡಿತ್ತು. ಎಲ್ಲರ ಪೆಟ್ಟಿಗೆ ಜಾಲಾಡಿ ಅಂಥ ಸ್ಪ್ಯಾನರುಗಳನ್ನು ಹೊರಗೆ ಹಾಕಬೇಕಾಯಿತು. ಬೇಸಿಗೆಯಲ್ಲಿ ಮಾಡಿದ ತಟ್ಟೆಗಳು ಬೇಗ ಹಾಳಾಗಿ ಚಳಿಗಾಲದಲ್ಲಿ ಮಾಡಿದವು ಬಾಳುತ್ತಿದ್ದುದಕ್ಕೆ, ಅವನ್ನು ತೊಳೆಯುತ್ತಿದ್ದ ಊರಿನ ನಲ್ಲಿ ನೀರಿಗೆ ಬೇಸಿಗೆಯಲ್ಲಿ ಹೆಚ್ಚು ಹಾಕುತ್ತಿದ್ದ ಕ್ಲೋರಿನ್ ಕಾರಣವೆಂದೂ ಅವರೇ ಪತ್ತೆ ಮಾಡಿದರು. ಇಂದಿಗೂ ಬಂಗಾರದ ಬಣ್ಣದ ಕ್ಯಾಡ್ಮಿಯಂ ಲೇಪಿತ ನಟ್ಟು, ವಾಷರುಗಳು ರೇಸಿಂಗ್ ಕಾರ್ಯಾಗಾರಗಳಲ್ಲಿ ಸಾಮಾನ್ಯ. ಬಿಸಿಯಾಗುವ ಜಾಗದಲ್ಲಿ ಅವನ್ನು ಟೈಟಾನಿಯಂ ಬೋಲ್ಟಿಗೆ ಜೋಡಿ ಮಾಡಲೇಬಾರದು.

ಟೈಟಾನಿಯಂಗೆ ಹೇಳಿಮಾಡಿಸಿದ ಜಾಗ ಎಂದರೆ ಕಾರ್ಬನ್ ಫೈಬರ್. ಕಾರ್ಬನ್ನಿಗೆ ಅಲ್ಯುಮಿನಿಯಂ ಬೋಲ್ಟು ಹಾಕಿದರೆ, ನಡುವೆ ತೇವ ಸೇರಿದೊಡನೆ ಅಲ್ಲೊಂದು ಬ್ಯಾಟರಿಯೇ ಹುಟ್ಟಿ ಅಲ್ಯುಮಿನಿಯಂ ಸವೆಯುತ್ತದೆ. ಮಾಮೂಲಿ ಉಕ್ಕೂ ಅಲ್ಲಿ ಬಾಳದು. ಟೈಟಾನಿಯಂ ಮತ್ತು ಕಾರ್ಬನ್ ಮಾತ್ರ ಜಗಳವಿಲ್ಲದೆ ಇರುತ್ತವೆ. ಕಾರ್ಬನ್ ಭಾಗಗಳುಳ್ಳ ವಿಮಾನಗಳಲ್ಲಿ ಟೈಟಾನಿಯಂ ಬೋಲ್ಟುಗಳು ತುಂಬಿರುವುದಕ್ಕೆ ತೂಕದಷ್ಟೇ ಇದೂ ಕಾರಣ. ಇನ್ನು ಎಕ್ಸಾಸ್ಟ್ ಪೈಪು, ಟರ್ಬೋ ಪಕ್ಕದಲ್ಲಿ ಅದನ್ನು ಬಳಸಬಾರದು. 400 ಡಿಗ್ರಿ ಸಮೀಪಿಸುತ್ತಿದ್ದಂತೆ ಗ್ರೇಡ್ 5 ತನ್ನ ಕಸುವು ಬಿಡುತ್ತದೆ. ಅಲ್ಲಿ ನಿಕ್ಕಲ್ ಮಿಶ್ರಲೋಹಗಳದೇ ರಾಜ್ಯ.

ಬೋಲ್ಟು ಹುಟ್ಟಿದ ರೀತಿಯೂ ಅದರ ಆಯಸ್ಸು ಹೇಳುತ್ತದೆ. ಬಿಗಿದ ಬೋಲ್ಟಿನ ಮೊದಲ ಥ್ರೆಡ್ಡೊಂದೇ ಒಟ್ಟು ಭಾರದ ಸುಮಾರು ಮೂರನೆಯ ಒಂದು ಭಾಗ ಹೊರುತ್ತದೆ. ಬಿರುಕು ಹುಟ್ಟುವುದು ಬಹುತೇಕ ಅಲ್ಲೇ. ಟೈಟಾನಿಯಂಗೆ ಗೀರು, ಚೂಪು ಮೂಲೆ ಎಂದರೆ ಆಗದು. ಲೇತಿನಲ್ಲಿ ಕೆತ್ತಿದ ಥ್ರೆಡ್ಡು ಲೋಹದ ಎಳೆಗಳನ್ನು ಕತ್ತರಿಸಿ ಚೂಪು ಬುಡ ಬಿಡುತ್ತದೆ. ಒತ್ತಿ ಉರುಳಿಸಿ ಮೂಡಿಸಿದ ಥ್ರೆಡ್ಡಿನಲ್ಲಿ ಎಳೆಗಳು ತುಂಡಾಗದೆ ಬಾಗಿಕೊಳ್ಳುತ್ತವೆ, ಬುಡ ದುಂಡಗಿರುತ್ತದೆ, ಮೇಲ್ಮೈ ಒತ್ತಿಕೊಂಡು ಬಿರುಕನ್ನು ತಡೆಯುತ್ತದೆ. ತಲೆಯನ್ನೂ ಬಡಿದು ರೂಪಿಸಿರಬೇಕು. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎರಡನೆಯ ಪ್ರಶ್ನೆ, ಅದು ನಿಜಕ್ಕೂ ಗ್ರೇಡ್ 5 ಹೌದೇ ಎಂಬುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನೀಲಿ, ನೇರಳೆ, ಚಿನ್ನದ ಬಣ್ಣದಲ್ಲಿ ಹೊಳೆಯುವ ಬೋಲ್ಟುಗಳು ಸಿಗುತ್ತವೆ. ಕೆಲವು ಬಣ್ಣ ಹಾಕಿದ ಅಲ್ಯುಮಿನಿಯಂ. ತಕ್ಕಡಿಗೆ ಹಾಕಿದರೆ ಗೊತ್ತಾಗಿಬಿಡುತ್ತದೆ, 11 ಗ್ರಾಂ ಇರಬೇಕಾದ್ದು ಏಳೇ ಗ್ರಾಂ ಇರುತ್ತದೆ. ಕಷ್ಟವಿರುವುದು ಶುದ್ಧ ಟೈಟಾನಿಯಂನಲ್ಲಿ ಮಾಡಿದ ಬೋಲ್ಟಿನಲ್ಲಿ. ಗ್ರೇಡ್ 2 ಎನ್ನುವ ಇದರ ತೂಕ, ಬಣ್ಣ, ಹೊಳಪು ಎಲ್ಲವೂ ಗ್ರೇಡ್ 5ನಂತೆಯೇ. ಶಕ್ತಿಯ ಮಿತಿ ಮಾತ್ರ 275 ಮೆಗಾಪ್ಯಾಸ್ಕಲ್, ಎಂದರೆ ಮೂರನೆಯ ಒಂದು ಭಾಗ. ಅಯಸ್ಕಾಂತ ಇಲ್ಲಿ ಏನೂ ಹೇಳದು. ಲೋಹದ ಸಂಯೋಜನೆ ಓದುವ ಎಕ್ಸ್‌ರೇ ಗನ್ ಇರುವ ಪರೀಕ್ಷಾಲಯಕ್ಕೆ ಒಯ್ಯಬೇಕು, ಇಲ್ಲವೇ ತಂದ ರಾಶಿಯಲ್ಲಿ ಒಂದೆರಡನ್ನು ಎಳೆದು ಮುರಿದು ನೋಡಬೇಕು. ಕಾಗದ ನಂಬಿ ಸುಮ್ಮನಿರುವಂತಿಲ್ಲ. ನಕಲಿ ದಾಖಲೆಯೊಂದಿಗೆ ಬಂದ ಟೈಟಾನಿಯಂ ಬೋಯಿಂಗ್, ಏರ್‌ಬಸ್ ವಿಮಾನಗಳ ಭಾಗಗಳಿಗೇ ಸೇರಿದ್ದು 2024ರಲ್ಲಿ ಬಯಲಾಯಿತು. ಅದು ಗೊತ್ತಾದದ್ದು ಲೋಹದ ಮೇಲೆ ಕಂಡ ಪುಟ್ಟ ತೂತುಗಳಿಂದ.

ಬೆಲೆಯ ಮಾತೂ ಬರಬೇಕು. ಟೈಟಾನಿಯಂ ಅಪರೂಪದ ಧಾತುವಲ್ಲ. ಭೂಮಿಯ ಹೊರಪದರದಲ್ಲಿ ಹೇರಳತೆಯಲ್ಲಿ ಒಂಬತ್ತನೆಯದು. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಅದರ ಅದಿರಿದೆ. ಅಲ್ಲಿಯೇ 2011ರಿಂದ, ಹೈದರಾಬಾದಿನ ರಕ್ಷಣಾ ಲೋಹಸಂಶೋಧನಾ ಪ್ರಯೋಗಾಲಯದ ತಂತ್ರಜ್ಞಾನ ಮತ್ತು ಬಾಹ್ಯಾಕಾಶ ಸಂಸ್ಥೆಯ ಹಣದ ನೆರವಿನಲ್ಲಿ, ವರ್ಷಕ್ಕೆ 500 ಟನ್ ಸಾಮರ್ಥ್ಯದ ಟೈಟಾನಿಯಂ ಸ್ಪಂಜ್ ಎಂಬ ಕಚ್ಚಾ ಲೋಹದ ಕಾರ್ಖಾನೆಯಿದೆ. ಲೋಹ ದುಬಾರಿಯಾಗುವುದು ಅದನ್ನು ಬೇರ್ಪಡಿಸುವ ಕಷ್ಟಕ್ಕೆ. ಬಿಸಿಯಾದೊಡನೆ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗುವ ಈ ಲೋಹವನ್ನು ಆರ್ಗಾನ್ ತುಂಬಿದ ಪಾತ್ರೆಯಲ್ಲಿ ಮ್ಯಾಗ್ನೀಸಿಯಂ ಬಳಸಿ ಒಂದೊಂದೇ ಪಾಕವಾಗಿ ತೆಗೆಯಬೇಕು, ನಿರ್ವಾತದಲ್ಲಿ ಮತ್ತೆ ಮತ್ತೆ ಕರಗಿಸಬೇಕು. ಹೀಗಾಗಿ ಒಳ್ಳೆಯ ಬೋಲ್ಟಿನ ಬೆಲೆ ಉಕ್ಕಿನದಕ್ಕಿಂತ ಹಲವು ಪಟ್ಟು. ಆ ಬೆಲೆ ಕಡಿಮೆಯಿದ್ದರೆ ಅನುಮಾನ ಹೆಚ್ಚಿರಲಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದು ತಾವೇ ರೇಸ್ ಕಾರು ಕಟ್ಟುತ್ತಿದ್ದಾರೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಹೋಗುತ್ತವೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ನಡೆಯುತ್ತದೆ. ಈ ಸ್ಪರ್ಧೆಗಳ ನಿಯಮ ಬೋಲ್ಟಿನ ವಿಷಯದಲ್ಲಿ ಕಟ್ಟುನಿಟ್ಟು. ಸ್ಟಿಯರಿಂಗ್, ಬ್ರೇಕ್, ಸಸ್ಪೆನ್ಷನ್, ಸೀಟ್ ಬೆಲ್ಟಿನಂಥ ಕಡೆ ಕನಿಷ್ಠ 8.8 ದರ್ಜೆಯ ಶಕ್ತಿ ಬೇಕು. ತಾನಾಗಿ ಬಿಚ್ಚದಂತೆ ಲಾಕ್ ನಟ್ಟು, ಸೇಫ್ಟಿ ವೈರು ಅಥವಾ ಕಾಟರ್ ಪಿನ್ನು ಬೇಕು. ಥ್ರೆಡ್ಡಿಗೆ ಹಚ್ಚುವ ಅಂಟು, ಸ್ಪ್ರಿಂಗ್ ವಾಷರು ನಡೆಯುವುದಿಲ್ಲ. ನಟ್ಟಿನಾಚೆ ಎರಡು ಪೂರ್ತಿ ಥ್ರೆಡ್ಡು ಕಾಣಬೇಕು. ನಿಯಮದಲ್ಲಿ ಬರುವ ಗ್ರೇಡ್ 5 ಎಂಬುದು ಉಕ್ಕಿನ ದರ್ಜೆ, ಅದಕ್ಕೂ ಟೈಟಾನಿಯಂ ಗ್ರೇಡ್ 5ಕ್ಕೂ ಸಂಬಂಧವಿಲ್ಲ ಎಂಬುದನ್ನೂ ಗಮನಿಸಬೇಕು. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎ ನಿಯಮಗಳೂ ಚಾಲಕನನ್ನು ಕಾಯುವ ಪಂಜರವಾದ ರೋಲ್ ಕೇಜ್ ಬಿಗಿಯಲು 8.8 ದರ್ಜೆಯ ಎಂ8 ಅಥವಾ ಅದಕ್ಕಿಂತ ದಪ್ಪದ ಬೋಲ್ಟು ಬೇಕೆನ್ನುತ್ತವೆ. ರೋಲ್ ಕೇಜಿಗೂ ಸೀಟ್ ಬೆಲ್ಟಿಗೂ ಗುರುತಿರುವ ಉಕ್ಕಿನ ಬೋಲ್ಟನ್ನೇ ಇಡಿ. ಅಲ್ಲಿ ಉಳಿಯುವ ಗ್ರಾಂಗಳಿಂದ ಯಾರೂ ಗೆಲ್ಲುವುದಿಲ್ಲ.

ಟೈಟಾನಿಯಂ ಬೇಕೇ ಬೇಕೆನ್ನುವ ತಂಡಕ್ಕೆ ನನ್ನ ಸಲಹೆ ಇದು. ಮೊದಲು ಬೋಲ್ಟುಗಳ ಸಂಖ್ಯೆ ಕಡಿಮೆ ಮಾಡಿ, ಉದ್ದ ಹೆಚ್ಚಿದ್ದನ್ನು ಸರಿಯಾದ ಉದ್ದಕ್ಕೆ ತನ್ನಿ, ಅಗತ್ಯಕ್ಕಿಂತ ದಪ್ಪವಿದ್ದನ್ನು ತೆಳ್ಳಗೆ ಮಾಡಿ. ಇದಕ್ಕೆ ಖರ್ಚಿಲ್ಲ, ಉಳಿತಾಯವೂ ದೊಡ್ಡದು. ಆಮೇಲೆ ಕಾರ್ಬನ್ ಭಾಗಗಳು, ಗೇರ್‌ಬಾಕ್ಸಿನ ಹೊರಕವಚ, ಎಂಜಿನ್ನಿನ ಮೇಲ್ಭಾಗದ ತಣ್ಣನೆಯ ಜಾಗಗಳು. ಲೆಕ್ಕ ಹಾಕುವುದನ್ನು, ಪರೀಕ್ಷಿಸುವುದನ್ನು, ಎಷ್ಟು ಓಟವಾಯಿತೆಂದು ಬರೆದಿಟ್ಟು ಹೊತ್ತಿಗೆ ಸರಿಯಾಗಿ ಬದಲಿಸುವುದನ್ನು ಕಲಿತ ಮೇಲೆ ಸಸ್ಪೆನ್ಷನ್ನಿಗೆ ಕೈ ಹಾಕಿ. ಕಾರಿನಿಂದ ಕಳಚಿದ ವಸ್ತು ಕಳಚಿದವರಿಗಷ್ಟೇ ಕೇಡಲ್ಲ. 2009ರ ಜುಲೈ 25ರಂದು ಹಂಗೆರಿಯಲ್ಲಿ ಮುಂದಿನ ಕಾರಿನಿಂದ ಬಿದ್ದ ಒಂದು ಕಿಲೋಗೂ ಕಡಿಮೆ ತೂಕದ ಸ್ಪ್ರಿಂಗು ಹಿಂದೆ ಬರುತ್ತಿದ್ದ ಫೆಲಿಪೆ ಮಾಸಾ ಅವರ ಹೆಲ್ಮೆಟ್ಟಿಗೆ ಬಡಿದು ಪ್ರಾಣಕ್ಕೇ ಕುತ್ತು ತಂದಿತ್ತು.

ಗ್ರಾಂ ಗ್ರಾಂ ಹುಡುಕುವ ಫಾರ್ಮುಲಾ ಒನ್ ಕ್ರೀಡೆಯೇ 2018ರಲ್ಲಿ ಚಾಲಕನ ತಲೆಯ ಸುತ್ತ ಹೇಲೋ ಎಂಬ ಕಮಾನನ್ನು ಕಡ್ಡಾಯ ಮಾಡಿತು. ಅದೂ ಗ್ರೇಡ್ 5 ಟೈಟಾನಿಯಂನದೇ. ತೂಕ ಸುಮಾರು ಏಳು ಕಿಲೋ, ಎಂದರೆ ನೂರಾರು ಬೋಲ್ಟು ಬದಲಿಸಿ ಉಳಿಸಿದ್ದಕ್ಕಿಂತ ಹೆಚ್ಚು. ಸುಮಾರು 12 ಟನ್ ಭಾರ ತಡೆಯಬಲ್ಲ ಅದೇ ಕಮಾನು 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ಚಾಲಕ ರೊಮೆ ಗ್ರೋಜಾನ್ ಅವರನ್ನು ಉಳಿಸಿತು. ಕಾರು ಎರಡು ತುಂಡಾಗಿ, ತಡೆಗೋಡೆ ಸೀಳಿ, ಬೆಂಕಿ ಹೊತ್ತಿದರೂ ಅವರು 28 ಸೆಕೆಂಡಿನಲ್ಲಿ ತಾವೇ ಎದ್ದು ಹೊರಬಂದರು. ಒಂದೇ ಲೋಹ, ಒಂದು ಕಡೆ ಭಾರ ಇಳಿಸಲು, ಇನ್ನೊಂದು ಕಡೆ ಭಾರ ಹೆಚ್ಚಾದರೂ ಜೀವ ಕಾಯಲು. ಹಿಡಿತ ಮೊದಲು, ತೂಕ ಆಮೇಲೆ ಎಂಬ ಕ್ರಮವನ್ನು ದೊಡ್ಡ ತಂಡಗಳು ಒಪ್ಪಿಕೊಂಡಿವೆ. ಆದ್ದರಿಂದ ಕಾರು ಕಟ್ಟುವ ನಮ್ಮ ಹುಡುಗ ಹುಡುಗಿಯರು ಬೋಲ್ಟು ಎಷ್ಟು ಹಗುರ ಎಂದು ಕೇಳುವ ಮುನ್ನ ಅದು ಎಷ್ಟು ಬಲದಿಂದ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಹಿಡಿದಿರಬೇಕು ಎಂದು ಕೇಳಿಕೊಳ್ಳಲಿ. ಮೂರಕ್ಕೂ ಅಂಕಿಯಲ್ಲಿ ಉತ್ತರ ಸಿಕ್ಕ ದಿನ ಟೈಟಾನಿಯಂ ಕೊಳ್ಳಲಿ. ಅಲ್ಲಿಯವರೆಗೆ ತಲೆಯ ಮೇಲೆ ದರ್ಜೆ ಬರೆದಿರುವ ಉಕ್ಕಿನ ಬೋಲ್ಟನ್ನೇ ನಂಬಲಿ.